ನೆರಳು ಉದ್ದ ಆಗಬಾರದಿತ್ತು

ನಮ್ಮ ಕಾಕಾ ವಯಸ್ಸಿನಲ್ಲಿದ್ದಾಗ ತೊಗರಿ ಲಾರಿ ಜೊತೆ ಹೈದರಾಬಾದಿಗೆ ಹೋಗಿ ಬರುತ್ತಿದ್ದರು. ಹಾಗೆ ಹೋದಾಗ ಒಂದು ಸಲ ಅಲ್ಲಿನ ಟಾಕೀಸಿನಲ್ಲಿ 'ಮೆಕೆನ್ನಾಸ್ ಗೋಲ್ಡ್' ಅನ್ನುವ ಇಂಗ್ಲಿಷ್ ಕೌಬಾಯ್ ಸಿನಿಮಾ ನೋಡಿದ್ದರು. ಒಂದು ಮಾತೂ ತಿಳಿದಿರಲಿಲ್ಲವಂತೆ. ಆದರೂ ಆ ಕಥೆಯನ್ನು ಹೊಲದಲ್ಲಿ ರಾಶಿ ಮಾಡುವಾಗ ನಮಗೆಲ್ಲಾ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಬಂಗಾರದ ಕಣಿವೆ, ರಣಹದ್ದು, ಕುದುರೆಗಳು, ಕೊನೆಗೆ ಗುಡ್ಡವೇ ಕುಸಿದು ಬೀಳುವುದು. ನಾನು ಸಿನಿಮಾ ನೋಡುವ ಮೊದಲೇ ನನಗೆ ಅದು ಪೂರ್ತಿ ಗೊತ್ತಿತ್ತು.

ಹೋದ ಬೇಸಿಗೆಯಲ್ಲಿ ಕರೆಂಟ್ ಇದ್ದ ಒಂದು ಮಧ್ಯಾಹ್ನ, ಇಬ್ಬರೂ ಕೂತು ಮತ್ತೆ ನೋಡಿದೆವು. ಕಾಕಾನಿಗೆ ಈಗ ಎಪ್ಪತ್ತು ದಾಟಿದೆ. ಅವರು ಕಾಯುತ್ತಿದ್ದದ್ದು ಒಂದೇ ದೃಶ್ಯಕ್ಕೆ. ಬೆಳಗಿನ ಜಾವ ಎಲ್ಲರೂ ಒಂದು ಎತ್ತರದ ಕಲ್ಲಿನ ಕಂಬದ ಹತ್ತಿರ ಕಾಯ್ತಾ ನಿಂತಿರುತ್ತಾರೆ. ಸೂರ್ಯ ಹುಟ್ಟುತ್ತಾನೆ. ಆ ಕಂಬದ ನೆರಳು ನೆಲದ ಮೇಲೆ ಉದ್ದವಾಗುತ್ತಾ, ಓಡುತ್ತಾ ಹೋಗಿ, ಬಂಗಾರದ ಕಣಿವೆಗೆ ಹೋಗುವ ದಾರಿಯನ್ನು ತೋರಿಸುತ್ತದೆ.

ಕಾಕಾ ಥಟ್ಟನೆ ಕೈ ಎತ್ತಿದರು.

"ತಡಿ ತಡಿ. ಹಿಂದಕ್ಕ ಹೊಡಿ."

ಹಿಂದಕ್ಕೆ ಹೊಡೆದೆ. ಮತ್ತೆ ನೋಡಿದರು.

"ಹೊತ್ತು ಏರ್ಲಕತ್ತದ. ನೆಳ್ಳು ಉದ್ದ ಹ್ಯಾಂಗ ಆಗ್ತದ ತಮ್ಮಾ? ಕುಗ್ಗಬೇಕಲ್ಲ?"

ಕುಗ್ಗಲೇಬೇಕು. ಹೊತ್ತು ಹುಟ್ಟಿದಾಗ ನೆರಳು ಎಲ್ಲಕ್ಕಿಂತ ಉದ್ದ ಇರುತ್ತದೆ, ಆಮೇಲೆ ಮಧ್ಯಾಹ್ನದವರೆಗೂ ಗಿಡ್ಡ ಆಗುತ್ತಲೇ ಹೋಗುತ್ತದೆ. ಐವತ್ತು ವರ್ಷ ಹೊಲದಲ್ಲಿ ನೆರಳು ನೋಡಿಯೇ ಊಟದ ಹೊತ್ತು ಹೇಳಿದ ಮನುಷ್ಯನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನನಗೆ ಮಾತ್ರ ಇದು ಹೊಳೆದೇ ಇರಲಿಲ್ಲ, ನಾಲ್ಕೈದು ಸಲ ನೋಡಿದ್ದರೂ.

ಮಾರನೇ ದಿನ ನಸುಕಿನಲ್ಲೇ ನಾನು ಹೊಲಕ್ಕೆ ಹೋಗಿ ಒಂದು ಮೀಟರ್ ಉದ್ದದ ಕೋಲು ನೆಟ್ಟೆ. ನಮ್ಮ ಕಡೆಯ ಎರೆ ಹೊಲ ಅಂದರೆ ನಿಮಗೆ ಗೊತ್ತಲ್ವಾ, ಕಣ್ಣು ಹಾಯುವವರೆಗೂ ಚಪ್ಪಟೆ. ಬೇಸಿಗೆಯಲ್ಲಿ ಬೆಳೆಯೂ ಇರುವುದಿಲ್ಲ. ನೆರಳು ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸೂರ್ಯ ಹುಟ್ಟಿ ಇಪ್ಪತ್ತು ನಿಮಿಷಕ್ಕೆ ಅವನು ನೆಲದಿಂದ ಸುಮಾರು 5 ಡಿಗ್ರಿ ಮೇಲೆ ಇರುತ್ತಾನೆ, ಆಗ ಒಂದು ಮೀಟರ್ ಕೋಲಿನ ನೆರಳು 11 ಮೀಟರಿಗಿಂತ ಜಾಸ್ತಿ. ಇನ್ನೊಂದು ಇಪ್ಪತ್ತು ನಿಮಿಷ ಕಳೆದರೆ ಅದು ಅರ್ಧಕ್ಕೆ ಇಳಿಯುತ್ತದೆ. ಸಿನಿಮಾದಲ್ಲಿ ತೋರಿಸುವ ಕಲ್ಲಿನ ಕಂಬ ನಿಜವಾಗಿಯೂ ಇದೆ. ಅರಿಜೋನಾದ ಕ್ಯಾನಿಯನ್ ಡಿ ಶೇ ಎಂಬ ಕಣಿವೆಯಲ್ಲಿರುವ ಸ್ಪೈಡರ್ ರಾಕ್ ಅದು, ಎತ್ತರ 230 ಮೀಟರಿನಷ್ಟು. ಅದೇ ಲೆಕ್ಕ ಹಾಕಿದರೆ ಬೆಳಗಿನ ಆ ಹೊತ್ತಿಗೆ ಅದರ ನೆರಳು, ನೆಲ ಸಪಾಟಾಗಿದ್ದರೆ, ಎರಡೂವರೆ ಕಿಲೋಮೀಟರ್ ದೂರ ಬೀಳಬೇಕು. ಅಲ್ಲಿಂದ ಅದು ಕಂಬದ ಕಡೆಗೇ ವಾಪಸ್ ಬರಬೇಕು. ಅಂದರೆ ಆ ಸಿನಿಮಾದ ನೆರಳು ಸಂಜೆಯ ನೆರಳು. ಬೆಳಗಿನದಲ್ಲ.

ಅವತ್ತಿನಿಂದ ಈ ಹಳೆಯ ಕೌಬಾಯ್ ಸಿನಿಮಾಗಳ ತಪ್ಪುಗಳು ನನ್ನ ತಲೆ ಬಿಟ್ಟಿಲ್ಲ. ತಪ್ಪು ಹುಡುಕುವುದು ಅಂದರೆ ಸಿನಿಮಾವನ್ನು ಬಯ್ಯುವುದು ಅಂತ ಕೆಲವರು ತಿಳಿಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಪ್ಪು ಸಿಕ್ಕಿದ ಕಡೆ ನಾನು ಮತ್ತೆ ಹಿಂದಕ್ಕೆ ಹೋಗಿ, ನಿಧಾನಕ್ಕೆ, ಅದನ್ನು ಮಾಡಿದವರ ಕೈ ಹೇಗೆ ಓಡಿದೆ ಅಂತ ನೋಡುತ್ತೇನೆ. ಆದರೆ ಎಲ್ಲಾ ತಪ್ಪೂ ಒಂದೇ ತೂಕದ್ದಲ್ಲ, ಅದನ್ನೇ ಇಲ್ಲಿ ಹೇಳಬೇಕು ಅಂತ ಕೂತಿದ್ದೇನೆ.

ನನ್ನ ಕೆಲಸ ಮದುವೆ ವಿಡಿಯೊ ಎಡಿಟಿಂಗ್. ಕಲಬುರಗಿಯಲ್ಲಿ ಸಣ್ಣ ಸ್ಟುಡಿಯೊ ಇದೆ. ಆದ್ದರಿಂದ ಕಂಟಿನ್ಯುಟಿ ತಪ್ಪು, ಅಂದರೆ ಒಂದು ಶಾಟ್‌ಗೂ ಮುಂದಿನ ಶಾಟ್‌ಗೂ ತಾಳೆಯಾಗದ ತಪ್ಪು, ಹೇಗೆ ಹುಟ್ಟುತ್ತದೆ ಅನ್ನುವುದು ನನಗೆ ಕೈಯಿಂದಲೇ ಗೊತ್ತು. ಒಮ್ಮೆ ಒಂದು ಮದುವೆಯಲ್ಲಿ ಅಕ್ಷತೆಯ ಹೊತ್ತು 12 ಗಂಟೆ 29 ನಿಮಿಷಕ್ಕಿತ್ತು. ಹುಡುಗಿಯ ಸೋದರಮಾವ ಕಣ್ಣೀರು ಒರೆಸಿಕೊಳ್ಳುವ ಒಂದು ಶಾಟ್ ನನ್ನ ಹತ್ತಿರ ಇತ್ತು, ತುಂಬಾ ಚೆನ್ನಾಗಿತ್ತು. ಅದು ಆಮೇಲೆ ತೆಗೆದದ್ದು. ಅಕ್ಷತೆಗೆ ಮೊದಲೇ ಇಟ್ಟರೆ ಕಣ್ಣು ತುಂಬಿ ಬರುತ್ತದೆ ಅಂತ ಅಲ್ಲಿಗೆ ತಂದು ಜೋಡಿಸಿದೆ. ಅವರ ತಲೆಯ ಹಿಂದೆ ಗೋಡೆ ಗಡಿಯಾರ ಇದ್ದದ್ದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ವಿಡಿಯೊ ಕೊಟ್ಟ ಮೂರನೇ ದಿನ ಹುಡುಗನ ತಾಯಿ ಫೋನ್ ಮಾಡಿದರು.

"ಅಕ್ಕಿಕಾಳು ಬೀಳೋ ಮೊದಲೇ ಗಡಿಯಾರದಾಗ ಹನ್ನೆರಡೂ ಐವತ್ತು ಆಗ್ಯಾದಲ್ಲ ತಮ್ಮಾ. ಮುಹೂರ್ತ ಮೀರಿತ್ತೇನು ಖರೆ ಹೇಳು?"

ಅವರ ದನಿಯಲ್ಲಿ ಗಾಬರಿ ಇತ್ತು. ಮುಹೂರ್ತ ಮೀರಿರಲಿಲ್ಲ ಅಂತ ಮೂಲ ಶಾಟ್‌ಗಳನ್ನೆಲ್ಲಾ ತೋರಿಸಿ, ಆ ರಾತ್ರಿಯೇ ಮತ್ತೆ ಜೋಡಿಸಿ ಕೊಟ್ಟೆ. ಒಂದು ಗಡಿಯಾರದ ಮುಳ್ಳು ಒಬ್ಬ ತಾಯಿಗೆ ಎಷ್ಟು ದೊಡ್ಡದು ಅಂತ ಅವತ್ತು ತಿಳಿಯಿತು.

ಅದಕ್ಕೇ ಇರಬೇಕು, ನನಗೆ 1952ರ 'ಹೈ ನೂನ್' ಎಲ್ಲಕ್ಕಿಂತ ಹತ್ತಿರ. ಅದೂ ಮದುವೆಯಿಂದಲೇ ಶುರುವಾಗುತ್ತದೆ. ಊರಿನ ಮಾರ್ಷಲ್, ಅಂದರೆ ಊರು ಕಾಯುವ ಪೊಲೀಸ್ ಅಧಿಕಾರಿ, ಮದುವೆಯಾಗಿ ಕೆಲಸ ಬಿಟ್ಟು ಹೊರಡುವ ಹೊತ್ತಿಗೆ ಸುದ್ದಿ ಬರುತ್ತದೆ, ಅವನನ್ನು ಕೊಲ್ಲಲು ಒಬ್ಬ ಮಧ್ಯಾಹ್ನ ಹನ್ನೆರಡರ ರೈಲಿಗೆ ಬರುತ್ತಿದ್ದಾನೆ ಅಂತ. ಸಿನಿಮಾ 85 ನಿಮಿಷ, ಕಥೆಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನದು. ನಿರ್ದೇಶಕ ಫ್ರೆಡ್ ಜಿನೆಮನ್ ಮತ್ತೆ ಮತ್ತೆ ಗಡಿಯಾರ ತೋರಿಸುತ್ತಾರೆ. ನೀವು ಪಕ್ಕದಲ್ಲಿ ಮೊಬೈಲ್ ಇಟ್ಟುಕೊಂಡು ಲೆಕ್ಕ ಹಿಡಿದರೆ ತೆರೆಯ ಮೇಲಿನ ನಿಮಿಷಕ್ಕೂ ನಿಮ್ಮ ನಿಮಿಷಕ್ಕೂ ಪೂರ್ತಿ ತಾಳೆಯಾಗುವುದಿಲ್ಲ, ಕೆಲವು ಕಡೆ ಗಡಿಯಾರ ಮುಂದೆ ಜಿಗಿಯುತ್ತದೆ, ಹನ್ನೆರಡು ಹತ್ತಿರ ಬಂದಂತೆ ಒಂದೊಂದು ನಿಮಿಷವೂ ಎಳೆದ ಹಾಗೆ ಅನ್ನಿಸುತ್ತದೆ. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಕಾಯುವವನಿಗೆ ಹೊತ್ತು ಹೋಗುವುದೇ ಹಾಗೆ. ಆ ವರ್ಷ ಎಡಿಟಿಂಗ್‌ಗೆ ಆಸ್ಕರ್ ಬಂದದ್ದು ಈ ಸಿನಿಮಾಕ್ಕೇ.

ನಿಜವಾದ ತಪ್ಪು ಬೇರೆ ಕಡೆ ಇದೆ. ಊರವರೆಲ್ಲಾ ಕೈಬಿಟ್ಟ ಮೇಲೆ ಮಾರ್ಷಲ್ ಬೀದಿಯಲ್ಲಿ ಒಬ್ಬನೇ ನಿಲ್ಲುತ್ತಾನೆ. ಕ್ಯಾಮೆರಾ ಕ್ರೇನ್ ಮೇಲೆ ಏರುತ್ತಾ ಏರುತ್ತಾ ಅವನನ್ನು ಇರುವೆಯಷ್ಟು ಸಣ್ಣವನನ್ನಾಗಿ ಮಾಡುತ್ತದೆ. ಆ ಶಾಟ್‌ನಲ್ಲಿ ಊರಿನ ಆಚೆ ನೋಡಿ, ಇಪ್ಪತ್ತನೇ ಶತಮಾನದ ತಂತಿ ಕಂಬಗಳು ಕಾಣುತ್ತವೆ. ಶೂಟಿಂಗ್ ನಡೆದದ್ದು ಲಾಸ್ ಏಂಜಲೀಸ್ ಪಕ್ಕದ ಸ್ಟುಡಿಯೊ ಜಾಗದಲ್ಲಿ, ಕ್ಯಾಮೆರಾ ಅಷ್ಟು ಎತ್ತರ ಹೋದರೆ ಊರು ಕಾಣದೇ ಇರುತ್ತದಾ? ಅವರಿಗೆ ಆ ಎತ್ತರ ಬೇಕಿತ್ತು. ಕಂಬಕ್ಕೆ ಹೆದರಿ ಕೆಳಗೆ ನಿಲ್ಲಿಸಿದ್ದರೆ ಆ ಒಂಟಿತನ ನಮಗೆ ಸಿಗುತ್ತಿರಲಿಲ್ಲ. ನಾನಾಗಿದ್ದರೂ ಅದನ್ನೇ ಇಟ್ಟುಕೊಳ್ಳುತ್ತಿದ್ದೆ.

ಇನ್ನೊಂದು ಮಾತು. 'ಹೈ ನೂನ್' ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಅವರೇ 'ಮೆಕೆನ್ನಾಸ್ ಗೋಲ್ಡ್' ಚಿತ್ರಕಥೆಯನ್ನೂ ಬರೆದವರು. ಒಂದು ಕಡೆ ನಿಮಿಷ ನಿಮಿಷ ಲೆಕ್ಕ ಹಿಡಿದ ಮನುಷ್ಯನ ಇನ್ನೊಂದು ಸಿನಿಮಾದಲ್ಲಿ ಸೂರ್ಯನೇ ಉಲ್ಟಾ ಓಡಿದ. ಇದನ್ನು ಹೇಳಿದಾಗ ಕಾಕಾ ಬಹಳ ಹೊತ್ತು ಸುಮ್ನೆ ಕೂತಿದ್ದರು.

ಕೌಬಾಯ್ ಸಿನಿಮಾಗಳಲ್ಲಿ ಕಂಟಿನ್ಯುಟಿ ತಪ್ಪು ಜಾಸ್ತಿ ಆಗುವುದಕ್ಕೆ ಕಾರಣ ಇದೆ. ಎಲ್ಲಾ ಹೊರಗಡೆ, ಬಿಸಿಲಿನಲ್ಲಿ. ದೂರದ ಶಾಟ್ ಬೆಳಿಗ್ಗೆ, ಅದೇ ಮಾತಿನ ಹತ್ತಿರದ ಶಾಟ್ ಸಂಜೆ. ಒಬ್ಬನ ಮುಖದ ಮೇಲೆ ನೆರಳು ಎಡಕ್ಕೆ, ಅವನ ಎದುರಿನವನ ಮುಖದ ಮೇಲೂ ಎಡಕ್ಕೆ. ಸಿಗಾರ್ ಒಂದು ಶಾಟ್‌ನಲ್ಲಿ ಗಿಡ್ಡ, ಮುಂದಿನದರಲ್ಲಿ ಉದ್ದ. ಟೋಪಿಯ ಮೇಲಿನ ಧೂಳು ಬಂದು ಹೋಗುತ್ತದೆ. ಇದನ್ನೆಲ್ಲಾ ಬರೆದಿಡಲು ಸೆಟ್‌ನಲ್ಲಿ ಒಬ್ಬರು ಇರುತ್ತಾರೆ, ಯಾವ ಕೈಯಲ್ಲಿ ಗ್ಲಾಸಿತ್ತು, ಎಷ್ಟು ತುಂಬಿತ್ತು, ಗುಂಡಿ ಹಾಕಿತ್ತಾ ಇಲ್ಲವಾ, ಎಲ್ಲಾ. ಆದರೂ ಕೊನೆಗೆ ಎಡಿಟರ್ ಟೇಬಲ್ ಮೇಲೆ ಚೆಂದದ ನಟನೆ ಒಂದು ಕಡೆ, ಸರಿಯಾದ ಸಿಗಾರ್ ಇನ್ನೊಂದು ಕಡೆ ಬಂದರೆ, ನಟನೆಯೇ ಗೆಲ್ಲುತ್ತದೆ. ಗೆಲ್ಲಬೇಕು. ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದು, ಬೆಳಕು ತಗ್ಗಿಸಿ ರಾತ್ರಿ ಅಂತ ತೋರಿಸುವ ರೂಢಿಯೂ ಇತ್ತು. ಬೆಳದಿಂಗಳಲ್ಲಿ ಅಷ್ಟು ಕಡುನೆರಳು ಬೀಳುತ್ತದಾ ಅಂತ ಕಾಕಾ ಈಗ ಪ್ರತಿ ಸಿನಿಮಾದಲ್ಲೂ ಕೇಳುತ್ತಾರೆ.

1939ರ 'ಸ್ಟೇಜ್‌ಕೋಚ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ಹೆಸರಾಂತ ಓಟದ ದೃಶ್ಯದಲ್ಲಿ ಕುದುರೆ ಗಾಡಿ ಓಡುವ ಒಣ ಕೆರೆಯ ನೆಲದ ಮೇಲೆ ಮೋಟಾರ್ ಗಾಡಿಯ ಟೈರಿನ ಗುರುತು ಇದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಕೆರೆ ಅಂಗಳ ನೋಡಿದವರಿಗೆ ಅದು ಕಣ್ಣಿಗೆ ಹೊಡೆಯುತ್ತದೆ.

ಇನ್ನು ವರ್ಷಗಳ ತಪ್ಪು. ಸರ್ಜಿಯೋ ಲಿಯೋನ್ ಅವರ 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' 1966ರದು. ಕಥೆ ನಡೆಯುವುದು ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ನ್ಯೂ ಮೆಕ್ಸಿಕೊ ದಂಡಯಾತ್ರೆಯ ಹೊತ್ತು. ಅಮೆರಿಕದವರೇ ಅಷ್ಟಾಗಿ ನೆನಪಿಡದ ಆ ದಂಡಯಾತ್ರೆಯನ್ನು ಒಬ್ಬ ಇಟಲಿಯ ನಿರ್ದೇಶಕ ಹುಡುಕಿ ತೆಗೆದಿದ್ದಾರೆ, ಅದನ್ನು ನಡೆಸಿದ ಜನರಲ್ ಸಿಬ್ಲಿ ಅವರ ಹೆಸರು ಸಮೇತ. ಅಷ್ಟು ಮಾಡಿ, ಸೇತುವೆ ಉಡಾಯಿಸಲು ಡೈನಮೈಟ್ ಕೈಗೆ ಕೊಡುತ್ತಾರೆ. ಆಲ್ಫ್ರೆಡ್ ನೊಬೆಲ್ ಡೈನಮೈಟ್‌ಗೆ ಪೇಟೆಂಟ್ ತೆಗೆದುಕೊಂಡದ್ದೇ 1867ರಲ್ಲಿ. ಬಂದೂಕಿನ ಕಥೆಯೂ ಹಾಗೇ. ಕೌಬಾಯ್ ಸಿನಿಮಾಗಳಲ್ಲಿ ಹೆಚ್ಚಿನವರ ಸೊಂಟದಲ್ಲಿ ಇರುವುದು 1873ರ ಕೋಲ್ಟ್ ಪಿಸ್ತೂಲು, ಕೈಯಲ್ಲಿ 1892ರ ವಿಂಚೆಸ್ಟರ್ ರೈಫಲ್, ಕಥೆ ಯಾವ ವರ್ಷದ್ದಾದರೂ ಸರಿ. 1956ರ 'ದ ಸರ್ಚರ್ಸ್' ಶುರುವಿನಲ್ಲೇ ಟೆಕ್ಸಾಸ್, 1868 ಅಂತ ತೋರಿಸಿ, ನಾಯಕ ನಟ ಜಾನ್ ವೇನ್ ಕೈಗೆ ಆ ಎರಡನ್ನೂ ಕೊಡುತ್ತದೆ.

ಈ ವರ್ಷಗಳು ಬರೀ ಅಂಕಿಯಾಗಿ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಊರಿನ ಪಕ್ಕ ಇಟ್ಟು ನೋಡುತ್ತೇನೆ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ಮೇಲೆ ತಿರುಗಿ ಬಿದ್ದದ್ದು 1858. ಮುಂಬೈಯಿಂದ ನಮ್ಮ ಮೇಲೆ ಹಾದು ರಾಯಚೂರಿಗೆ ರೈಲು ದಾರಿ ಮುಗಿದದ್ದು 1871. ಯಾರಾದರೂ ಸುರಪುರದ ಕಾಳಗದ ಸಿನಿಮಾ ತೆಗೆದು, ಅದರಲ್ಲಿ ಬ್ರಿಟಿಷ್ ಪಡೆ ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಯಿತು ಅಂತ ತೋರಿಸಿದರೆ ನಮಗೆ ಹೇಗಾಗುತ್ತದೆ? 1862ರಲ್ಲಿ ಡೈನಮೈಟ್ ಅಂದರೆ ಅದೇ. ಆದರೂ ಆ ಸೇತುವೆ ಹಾರುವಾಗ ನಾನು ಕುರ್ಚಿಯ ತುದಿಗೆ ಬರುತ್ತೇನೆ. ಅದನ್ನು ಕಟ್ಟಿದ್ದು ಸ್ಪೇನಿನ ಸೈನಿಕರು. ಯಾರೋ ಹೇಳಿದ ಒಂದು ಮಾತನ್ನು ಸನ್ನೆ ಅಂತ ತಿಳಿದು, ಕ್ಯಾಮೆರಾ ಓಡುವ ಮೊದಲೇ ಒಬ್ಬ ಸೇನಾ ಅಧಿಕಾರಿ ಅದನ್ನು ಉಡಾಯಿಸಿಬಿಟ್ಟರು. ಪೂರ್ತಿ ಸೇತುವೆಯನ್ನು ಮತ್ತೆ ಕಟ್ಟಿ, ಮತ್ತೆ ಉಡಾಯಿಸಿದರು. ನಾವು ನೋಡುವುದು ಎರಡನೇ ಸೇತುವೆಯನ್ನು. ಇಂಥ ಜನರ ಮೇಲೆ ಒಂದು ಪೇಟೆಂಟ್ ವರ್ಷಕ್ಕಾಗಿ ಸಿಟ್ಟು ಮಾಡಲು ನನಗೆ ಮನಸ್ಸು ಬರುವುದಿಲ್ಲ.

'ಸ್ಟೇಜ್‌ಕೋಚ್', 'ದ ಸರ್ಚರ್ಸ್' ಎರಡನ್ನೂ ತೆಗೆದ ನಿರ್ದೇಶಕ ಜಾನ್ ಫೋರ್ಡ್ ಮೇಲೆ ಸ್ವಲ್ಪ ಸಿಟ್ಟು ಇದೆ. ಅವರ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್' 1946ರದು, ಟೂಂಬ್‌ಸ್ಟೋನ್ ಊರಿನ ಓಕೆ ಕೊರಾಲ್ ಗುಂಡಿನ ಕಾಳಗದ ಕಥೆ. ಅದು ನಿಜವಾಗಿ ನಡೆದದ್ದು 1881ರ ಅಕ್ಟೋಬರ್ 26ರಂದು, ಮಧ್ಯಾಹ್ನ ಮೂರರ ಸುಮಾರಿಗೆ, ಮುಗಿದದ್ದು ಅರ್ಧ ನಿಮಿಷದಲ್ಲಿ. ಸಿನಿಮಾದಲ್ಲಿ ಅದು ಬೆಳಗಿನ ಜಾವ, ತುಂಬಾ ಹೊತ್ತು. ಹೋಗಲಿ. ಕಾಳಗದಲ್ಲಿ ಪೊಲೀಸರ ಕಡೆಯಿದ್ದ ವೈಯಟ್ ಅರ್ಪ್‌ನ ತಮ್ಮ ಜೇಮ್ಸ್‌ನನ್ನು ಮೊದಲೇ ಕೊಂದು, ಸಮಾಧಿ ಕಲ್ಲಿನ ಮೇಲೆ 1882 ಅಂತ ಕೆತ್ತಿಸಿದ್ದಾರೆ. ನಿಜವಾದ ಜೇಮ್ಸ್ ಅವನ ತಮ್ಮನಲ್ಲ, ಅಣ್ಣ. ಅವನು ಬದುಕಿದ್ದು 1926ರವರೆಗೆ. ಕಾಳಗದಲ್ಲಿ ವೈಯಟ್‌ನ ಗೆಳೆಯ ಡಾಕ್ ಹಾಲಿಡೇ ಸಾಯುತ್ತಾನೆ, ನಿಜದಲ್ಲಿ ಅವನು 1887ರಲ್ಲಿ ಕೊಲೊರಾಡೊದಲ್ಲಿ ಕ್ಷಯದಿಂದ ತೀರಿಕೊಂಡ. ಅವನು ಹಲ್ಲಿನ ಡಾಕ್ಟರ್, ಇಲ್ಲಿ ಆಪರೇಷನ್ ಮಾಡುತ್ತಾನೆ. ಕಾಳಗದಲ್ಲಿ ಎದುರು ಕಡೆ ಇರುವ ಮುದುಕ ಕ್ಲಾಂಟನ್ ನಿಜವಾಗಿ ಎರಡು ತಿಂಗಳ ಹಿಂದೆಯೇ ಸತ್ತಿದ್ದ. ಕಥೆ ಕಟ್ಟುವುದು ಬೇಡ ಅನ್ನುತ್ತಿಲ್ಲ. ಆದರೆ ಫೋರ್ಡ್, ವೈಯಟ್ ಅರ್ಪ್ ತನಗೆ ಕಾಳಗ ಹೇಗಾಯಿತು ಅಂತ ಖುದ್ದಾಗಿ ಹೇಳಿದ್ದ, ನಾನು ಹಾಗೇ ತೆಗೆದೆ ಎನ್ನುತ್ತಿದ್ದರು. ಅದು ನನಗೆ ಸರಿ ಕಾಣುವುದಿಲ್ಲ. ಮನಸ್ಸಿಗೆ ಬಂದಂತೆ ಕಟ್ಟಿದೆ ಅಂದಿದ್ದರೆ ನಾನು ಕೈ ಮುಗಿಯುತ್ತಿದ್ದೆ, ಯಾಕೆಂದರೆ ಸಿನಿಮಾ ಮಾತ್ರ ಬಹಳ ಚೆಂದ ಇದೆ.

ಜಾಗದ ತಪ್ಪು ನಾನು ಮನ್ನಿಸುತ್ತೇನೆ. ಫೋರ್ಡ್‌ಗೆ ಮಾನ್ಯುಮೆಂಟ್ ವ್ಯಾಲಿ ಅಂದರೆ ಪ್ರಾಣ. ಅದು ಇರುವುದು ಯೂಟಾ ಮತ್ತು ಅರಿಜೋನಾ ಗಡಿಯಲ್ಲಿ. ಅದೇ ಕೆಂಪು ಬಂಡೆಗಳು ಅವರ ಸಿನಿಮಾಗಳಲ್ಲಿ ಒಮ್ಮೆ ಟೆಕ್ಸಾಸ್ ಆಗುತ್ತವೆ, ಒಮ್ಮೆ ಟೂಂಬ್‌ಸ್ಟೋನ್ ಆಗುತ್ತವೆ. ನಮ್ಮ ರಾಮನಗರದ ಬಂಡೆಗಳೂ 1975ರ 'ಶೋಲೆ'ಯಲ್ಲಿ ಹಿಂದಿ ಮಾತಾಡುವ ಠಾಕೂರರ ಊರಾಗಿ ನಿಂತವಲ್ಲ. ಕಲ್ಲಿಗೆ ಭಾಷೆ ಇಲ್ಲ.

ಮನುಷ್ಯರಿಗೆ ಇದೆ. ನನಗೆ ನುಂಗಲು ಆಗದ ತಪ್ಪು ಇದೇ.

'ದ ಸರ್ಚರ್ಸ್'ನಲ್ಲಿ ಕಥೆಯಲ್ಲಿ ಬರುವವರು ಅಮೆರಿಕದ ಮೂಲನಿವಾಸಿಗಳಾದ ಕೋಮಾಂಚಿ ಜನ. ತೆರೆಯ ಮೇಲೆ ಅವರಾಗಿ ಬರುವವರು ಮಾನ್ಯುಮೆಂಟ್ ವ್ಯಾಲಿಯಲ್ಲೇ ಬದುಕುವ ಇನ್ನೊಂದು ಮೂಲನಿವಾಸಿ ಸಮುದಾಯ, ನವಾಹೋ ಜನ. ಕೋಮಾಂಚಿಗಳ ನಾಯಕ ಸ್ಕಾರ್ ಪಾತ್ರ ಮಾಡಿದ ಹೆನ್ರಿ ಬ್ರಾಂಡನ್ ಹುಟ್ಟಿದ್ದು ಜರ್ಮನಿಯಲ್ಲಿ, ಕಣ್ಣು ನೀಲಿ. 1964ರ 'ಶಾಯೆನ್ ಆಟಮ್' ಶಾಯೆನ್ ಜನರ ದುಃಖವನ್ನೇ ಹೇಳಲು ತೆಗೆದ ಸಿನಿಮಾ. ಅದರಲ್ಲೂ ಶಾಯೆನ್ ಆಗಿ ನಿಂತವರು ನವಾಹೋಗಳು, ಅವರ ಬಾಯಲ್ಲಿ ಬರುವುದೂ ನವಾಹೋ ಮಾತೇ. ದೊಡ್ಡ ಪಾತ್ರಗಳಿಗೆ ಮೆಕ್ಸಿಕೊದಲ್ಲಿ ಹುಟ್ಟಿದ ನಟರು. ಶಾಯೆನ್, ಕೋಮಾಂಚಿ, ನವಾಹೋ, ಈ ಮೂರೂ ಬೇರೆ ಬೇರೆ ಮನೆತನದ ಭಾಷೆಗಳು. ಕನ್ನಡಕ್ಕೂ ತೆಲುಗಿಗೂ ಇರುವಂಥ ನೆಂಟಸ್ತಿಕೆಯೂ ಅಲ್ಲಿಲ್ಲ. 'ಸ್ಟೇಜ್‌ಕೋಚ್'ನಲ್ಲಿ ನವಾಹೋಗಳು ಅಪಾಚಿಗಳಾಗಿ ಬಂದದ್ದನ್ನು ಬೇಕಾದರೆ ಒಪ್ಪಬಹುದು, ಆ ಎರಡು ಭಾಷೆಗಳು ಒಂದೇ ಮನೆಯವು. ಆ ಸಿನಿಮಾಗಳಿಂದ ನವಾಹೋಗಳಿಗೆ ಕಷ್ಟದ ವರ್ಷಗಳಲ್ಲಿ ಕೂಲಿ ಸಿಕ್ಕಿತು ಅನ್ನುವುದೂ ನಿಜ, ಅದನ್ನು ಮರೆಯಬಾರದು. ಆದರೆ ನೋಡುವವರಿಗೆ ಗೊತ್ತಾಗುವುದಿಲ್ಲ ಅಂತ ಬಿಟ್ಟ ತಪ್ಪು ಇದು. ಯಾರಿಗೆ ಗೊತ್ತಾಗುವುದಿಲ್ಲ? ಕೋಮಾಂಚಿ ಅಜ್ಜಿಯೊಬ್ಬಳು ಟಾಕೀಸಿನಲ್ಲಿ ಕೂತಿದ್ದರೆ ಅವಳಿಗೆ ಮೊದಲನೇ ಮಾತಿಗೇ ಗೊತ್ತಾಗುತ್ತದೆ.

ಇದು ನನಗೆ ಯಾಕೆ ಇಷ್ಟು ತಾಗುತ್ತದೆ ಅಂದರೆ ನಮಗೂ ಇದೇ ಆಗಿದೆ. ಸಿನಿಮಾದಲ್ಲಿ ಕಲಬುರಗಿಯವನು ಅಂತ ಒಂದು ಪಾತ್ರ ಬಂದರೆ ಅವನ ಬಾಯಲ್ಲಿ ಹೆಚ್ಚಾಗಿ ಧಾರವಾಡದ ಮಾತು ಇರುತ್ತದೆ. ಧಾರವಾಡದ ಮಾತು ಸಿಹಿಯೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಾವು 'ಯಾನ್ ಮಾಡ್ಲತ್ತಿ' ಅನ್ನುವವರು. ನಮ್ಮ ಮಾತಿನಲ್ಲಿ ಉರ್ದು ಎಷ್ಟು ಬೆರೆತಿದೆ ಅಂದರೆ ಯಾವುದು ಎಲ್ಲಿಂದ ಬಂತು ಅಂತ ನಮಗೇ ತಿಳಿಯುವುದಿಲ್ಲ. ಬೀದರಿಗೆ ಹೋದರೆ ಮರಾಠಿ, ತೆಲುಗು ಸೇರಿ ಅದರ ದನಿಯೇ ಬೇರೆ. ಸುರಪುರದ ಕಡೆ ಇನ್ನೊಂದು. ಇದೆಲ್ಲವನ್ನೂ 'ಉತ್ತರ ಕರ್ನಾಟಕ' ಅಂತ ಒಂದು ಡಬ್ಬಿಗೆ ಹಾಕಿ ಮುಚ್ಚುತ್ತಾರೆ. ನಮ್ಮ ಅವ್ವ ಇಂಥ ಸಿನಿಮಾ ನೋಡುವಾಗ ಪ್ರತಿ ಸಲ ಒಂದೇ ಮಾತು ಹೇಳುತ್ತಾಳೆ, "ಇಂವ ನಮ್ಮಾಂವ ಅಲ್ಲ ಬಿಡು."

ಇದನ್ನೆಲ್ಲಾ ಓದುತ್ತಾ ಇದ್ದಾಗ ಒಂದು ಸಂಗತಿ ಸಿಕ್ಕಿತು. 1964ರ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಸಿನಿಮಾವನ್ನು ನವಾಹೋ ಭಾಷೆಗೆ ಡಬ್ ಮಾಡಿದ್ದಾರೆ. ನವಾಹೋ ನೇಷನ್ ಮ್ಯೂಸಿಯಂ ಮುಂದೆ ನಿಂತು ಮಾಡಿಸಿದ್ದು, ದನಿ ಕೊಟ್ಟವರು ನವಾಹೋಗಳೇ. 2021ರಲ್ಲಿ ಅರಿಜೋನಾದ ವಿಂಡೋ ರಾಕ್ ಊರಿನಲ್ಲಿ ತೋರಿಸಿದರು. ಅಲ್ಲಿನ ಹಿರಿಯರಿಗೆ ಕೌಬಾಯ್ ಸಿನಿಮಾ ಅಂದರೆ ಇಷ್ಟವಂತೆ, ನಮ್ಮ ಕಾಕಾನ ಹಾಗೇ. ಆ ಸಿನಿಮಾ ಮೊದಲಿನಿಂದಲೂ ಡಬ್ಬಿಂಗ್‌ನಲ್ಲೇ ಬದುಕಿದ್ದು. ಸ್ಪೇನಿನಲ್ಲಿ ಶೂಟ್ ಮಾಡುವಾಗ ಒಬ್ಬೊಬ್ಬ ನಟ ಒಂದೊಂದು ಭಾಷೆ ಮಾತಾಡಿದ್ದ, ದನಿ ಎಲ್ಲಾ ಆಮೇಲೆ ಸೇರಿಸಿದ್ದು. ತುಟಿಗೂ ಮಾತಿಗೂ ಹೊಂದುವುದಿಲ್ಲ ಅನ್ನುವುದು ಅದರ ಹಳೆಯ ತಪ್ಪು. ನವಾಹೋದಲ್ಲೂ ಹೊಂದಿರಲಿಕ್ಕಿಲ್ಲ.

ಕಾಕಾನಿಗೆ ಹೇಳಿದೆ. ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದರು, ಎದ್ದು ಕೂತರು.

"ಹಂಗಾದ್ರ ಆ ಸಿಗಾರ್ ಸೇದಾಂವ ನಮ್ಮ ಮಾತಿನ್ಯಾಗ ಮಾತಾಡಿದ್ರ ಹ್ಯಾಂಗ ಆಗ್ತದ?"

ಲ್ಯಾಪ್‌ಟಾಪ್ ತಂದು ಸಿನಿಮಾ ಹಚ್ಚಿದೆ, ದನಿ ತೆಗೆದೆ. ಆ ಸಿಗಾರ್ ಸೇದುವ ನಾಯಕ ನಾಲ್ಕು ಜನರ ಮುಂದೆ ನಿಂತು, ನನ್ನ ಹೇಸರಗತ್ತೆಗೆ ಬೇಜಾರಾಗಿದೆ, ಕ್ಷಮೆ ಕೇಳಿ ಅನ್ನುವ ದೃಶ್ಯ. ಕಾಕಾ ಗಂಟಲು ಸರಿ ಮಾಡಿಕೊಂಡು, ತುಟಿ ನೋಡುತ್ತಾ, ನಿಧಾನಕ್ಕೆ ಶುರು ಮಾಡಿದರು. ಎರಡನೇ ಸಾಲಿಗೆ ನಿಂತರು.

"ಹಿಂದಕ್ಕ ಹೊಡಿ ತಮ್ಮಾ. ಬರೋಬ್ಬರಿ ಬರಲಿಲ್ಲ."

ಹಿಂದಕ್ಕೆ ಹೊಡೆದೆ.